45 ಡಿಗ್ರಿ ಎಂದರೆ ಮುಗಿಯಿತೇ?

ಪ್ರಥಮ ಪಿಯುಸಿಯಲ್ಲಿ ಪ್ರೊಜೆಕ್ಟೈಲ್ ಪಾಠ ಓದಿದ ಯಾರನ್ನಾದರೂ ಕೇಳಿ: ಚೆಂಡು ಅತಿ ದೂರ ಹೋಗಲು ಯಾವ ಕೋನದಲ್ಲಿ ಎಸೆಯಬೇಕು? ಪ್ರಶ್ನೆ ಮುಗಿಯುವ ಮೊದಲೇ ‘45 ಡಿಗ್ರಿ’ ಎಂಬ ಉತ್ತರ ಬರುತ್ತದೆ. ಪರೀಕ್ಷೆಗೆ ಅದು ಸರಿ, ಅಂಕವೂ ಸಿಗುತ್ತದೆ. ಆದರೆ ಲೆಕ್ಕದ ಕೊನೆಯಲ್ಲಿ ಬರುವ ‘ಗಾಳಿಯ ತಡೆಯನ್ನು ನಿರ್ಲಕ್ಷಿಸಿ’ ಎಂಬ ಮಾತನ್ನು ನಾವು ಓದುವುದೇ ಇಲ್ಲ ಎಂಬುದು ನನ್ನ ತಕರಾರು. ಆ ಮಾತನ್ನು ತೆಗೆದರೆ ಏನಾಗುತ್ತದೆ ಎಂದು ತಿಳಿಯಲು ಗಾಲ್ಫ್ ಚೆಂಡನ್ನು ನೋಡಬೇಕು.

ನಮ್ಮಲ್ಲಿ ಹೆಚ್ಚಿನವರು ಗಾಲ್ಫ್ ಕೋಲು ಹಿಡಿದವರಲ್ಲ, ನಾನೂ ಹಿಡಿದಿಲ್ಲ. ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾಗಿ ಸ್ವಲ್ಪದರಲ್ಲಿ ಪದಕ ತಪ್ಪಿಸಿಕೊಂಡ ಸುದ್ದಿಯಷ್ಟೇ ಈ ಆಟದ ಬಗ್ಗೆ ನಮಗಿರುವ ಪರಿಚಯ. ಪರವಾಗಿಲ್ಲ, ಲೆಕ್ಕ ಮಾಡಲು ಆಟ ಬರಬೇಕಾಗಿಲ್ಲ.

ಅಮೆರಿಕದ ವೃತ್ತಿಪರ ಪುರುಷ ಆಟಗಾರರು ‘ಡ್ರೈವರ್’ ಎಂಬ ಉದ್ದದ ಕೋಲಿನಿಂದ ಹೊಡೆದಾಗ ಚೆಂಡು ಸೆಕೆಂಡಿಗೆ ಸುಮಾರು 75 ಮೀಟರ್ ವೇಗದಲ್ಲಿ ಹೊರಡುತ್ತದೆ. ನಮ್ಮ ಸೂತ್ರಕ್ಕೆ ಹಾಕಿದರೆ 45 ಡಿಗ್ರಿಗೆ ರೇಂಜ್ ಸುಮಾರು 574 ಮೀಟರ್. ಅವರು ಅಷ್ಟು ದೂರ ಹೊಡೆಯುವುದಿಲ್ಲ, 45 ಡಿಗ್ರಿಯಲ್ಲಿ ಹೊಡೆಯುವುದೂ ಇಲ್ಲ. ಅವರ ಸರಾಸರಿ ಕೋನ ಸುಮಾರು 11 ಡಿಗ್ರಿ. ಅದೇ ಸೂತ್ರ 11 ಡಿಗ್ರಿಗೆ ಕೊಡುವುದು ಸುಮಾರು 215 ಮೀಟರ್. ನಿಜವಾಗಿ ಚೆಂಡು ನೆಲ ಮುಟ್ಟುವುದು ಸುಮಾರು 250 ಮೀಟರ್ ದೂರದಲ್ಲಿ. ಅಂದರೆ ತಡೆಯಬೇಕಾದ ಗಾಳಿಯೇ ಚೆಂಡನ್ನು ಇನ್ನಷ್ಟು ಮುಂದಕ್ಕೆ ಒಯ್ದಿದೆ! ನಂಬಿಕೆಯಾಗದೆ ಎರಡು ಸಲ ಲೆಕ್ಕ ಮಾಡಿದೆ.

ಕಾರಣ ಬ್ಯಾಕ್‌ಸ್ಪಿನ್. ಚೆಂಡು ನಿಮಿಷಕ್ಕೆ ಎರಡೂವರೆ ಸಾವಿರಕ್ಕೂ ಹೆಚ್ಚು ಸುತ್ತು ಹಿಮ್ಮುಖವಾಗಿ ತಿರುಗುತ್ತಾ ಹೋಗುತ್ತದೆ. ಅದರ ಮೇಲ್ಭಾಗದಲ್ಲಿ ಗಾಳಿ ವೇಗವಾಗಿ, ಕೆಳಭಾಗದಲ್ಲಿ ನಿಧಾನವಾಗಿ ಹರಿಯುವುದರಿಂದ ಚೆಂಡನ್ನು ಎತ್ತುವ ಬಲವೊಂದು ಹುಟ್ಟುತ್ತದೆ. ಮೈಮೇಲಿನ ಸಣ್ಣ ಗುಳಿಗಳು ಗಾಳಿಯ ಎಳೆತವನ್ನು ತಗ್ಗಿಸುತ್ತವೆ. ಆದರೆ ಆ ಎತ್ತುವ ಬಲ ಚೆಂಡು ಸಾಗುವ ದಿಕ್ಕಿಗೆ ಲಂಬವಾಗಿರುತ್ತದೆ. 11 ಡಿಗ್ರಿಯಲ್ಲಿ ಹೊರಟರೆ ಅದು ಹೆಚ್ಚುಕಡಿಮೆ ನೇರ ಮೇಲಕ್ಕೆ ಎತ್ತುತ್ತದೆ. 45 ಡಿಗ್ರಿಯಲ್ಲಿ ಹೊರಟರೆ ಅದರ ದೊಡ್ಡ ಪಾಲು ಚೆಂಡನ್ನು ಹಿಂದಕ್ಕೇ ತಳ್ಳುತ್ತದೆ. ಚೆಂಡು ಆಕಾಶಕ್ಕೇರಿ, ವೇಗ ಕಳೆದುಕೊಂಡು, ಹತ್ತಿರದಲ್ಲೇ ಬೀಳುತ್ತದೆ. ವೃತ್ತಿಪರ ಮಹಿಳಾ ಆಟಗಾರರ ಚೆಂಡಿನ ವೇಗ ಸ್ವಲ್ಪ ಕಡಿಮೆ, ಆದ್ದರಿಂದ ಎತ್ತುವ ಬಲವೂ ಕಡಿಮೆ; ಅವರ ಕೋನ ಸರಾಸರಿ 13 ಡಿಗ್ರಿಯ ಆಸುಪಾಸು.

ಇದೇನೂ ಹೊಸ ಸಂಶೋಧನೆಯಲ್ಲ. ಎಡಿನ್‌ಬರೋ ವಿಶ್ವವಿದ್ಯಾಲಯದ ಪ್ರೊಫೆಸರ್ ಪೀಟರ್ ಗುತ್ರಿ ಟೇಟ್ 1890ರ ದಶಕದಲ್ಲೇ ಬ್ಯಾಕ್‌ಸ್ಪಿನ್ ಚೆಂಡಿನ ಹಾರಾಟವನ್ನು ಹೇಗೆ ಉದ್ದವಾಗಿಸುತ್ತದೆ ಎಂದು ಲೆಕ್ಕ ಹಾಕಿ ಬರೆದಿದ್ದರು. ಅವರ ಮಗ ಫ್ರೆಡ್ಡಿ 1896 ಮತ್ತು 1898ರಲ್ಲಿ ಬ್ರಿಟನ್ನಿನ ಅಮೆಚೂರ್ ಚಾಂಪಿಯನ್. ಅಂಥ ಮನೆಯಲ್ಲಿ ಊಟದ ಹೊತ್ತಿಗೆ ಏನು ಮಾತು ನಡೆಯುತ್ತಿತ್ತೋ!

ನಮ್ಮ ಪಠ್ಯದಲ್ಲೂ ಇದೆಲ್ಲ ಇದೆ. ಪ್ರೊಜೆಕ್ಟೈಲ್ ಮೊದಲ ಭಾಗದಲ್ಲಿ, ತಿರುಗುವ ಚೆಂಡು ಎರಡನೇ ಭಾಗದ ದ್ರವಗಳ ಪಾಠದಲ್ಲಿ. ನಡುವೆ ತಿಂಗಳುಗಳ ಅಂತರ. ಎರಡೂ ಒಂದೇ ಚೆಂಡಿನ ಕಥೆ ಎಂದು ನಮಗೆ ಹೊಳೆಯುವುದಿಲ್ಲ. ಕನ್ನಡ, ಉರ್ದು ಮಾಧ್ಯಮದಿಂದ ಬಂದ ನಮ್ಮಂಥವರ ಪಾಡು ಇನ್ನೂ ಕಷ್ಟ. ಇಂಗ್ಲಿಷ್ ವಾಕ್ಯಗಳನ್ನು ಬಾಯಿಪಾಠ ಮಾಡುವಾಗ ಸೂತ್ರ ಉಳಿಯುತ್ತದೆ, ಅದಕ್ಕೆ ಹಾಕಿದ ಷರತ್ತು ಮೊದಲು ಮರೆತುಹೋಗುತ್ತದೆ.

ಪೋರ್ಷನ್ ಮುಗಿಸಬೇಕು, ಸಿಇಟಿ, ನೀಟ್ ತಯಾರಿ ಇದೆ ಎಂದು ಉಪನ್ಯಾಸಕರು ಹೇಳುವುದರಲ್ಲಿ ನ್ಯಾಯವಿದೆ. ನಾನು ಕೇಳುತ್ತಿರುವುದು ಒಂದೇ ಪೀರಿಯಡ್, ಅದೂ ಮೈದಾನದಲ್ಲಿ. ಟೆನಿಸ್ ಚೆಂಡು ಮತ್ತು ಶಟಲ್ ಕಾಕ್ ಎರಡನ್ನೂ ಬೇರೆ ಬೇರೆ ಕೋನಗಳಲ್ಲಿ ಹೊಡೆದು ದೂರ ಅಳೆಯೋಣ. ಶಟಲ್‌ಗೆ ಬ್ಯಾಕ್‌ಸ್ಪಿನ್ನಿನ ನೆರವಿಲ್ಲ, ಗಾಳಿಯ ತಡೆ ಮಾತ್ರ. ಅದಕ್ಕೆ ಯಾವ ಕೋನ ಒಳ್ಳೆಯದು ಎಂದು ಈಗಲೇ ಊಹಿಸಿ ಬರೆದಿಟ್ಟುಕೊಳ್ಳಿ. ಅನುಮತಿ ಸಿಕ್ಕರೆ ಅಳತೆ ಟೇಪು ನಾನು ತರುತ್ತೇನೆ.