ಮುದ್ದೆಯ ನೆಂಟನಿಗೆ ಬಾಡಿಗೆ ಮನೆ ಇಲ್ಲವೇ?

ಮೈಸೂರಿನಲ್ಲಿ ಎಂ.ಎಸ್ಸಿ. ಓದುತ್ತಿದ್ದಾಗ ನಮ್ಮ ಬಾಡಿಗೆ ಮನೆಯ ಮೇಲಿನ ರೂಮಿನಲ್ಲಿ ತಾಂಜಾನಿಯಾದ ಸಹಪಾಠಿಯೊಬ್ಬನಿದ್ದ. ಒಂದು ಭಾನುವಾರ ಊರಿಂದ ಬಂದಿದ್ದ ಅವ್ವ ಮುದ್ದೆ, ಬಸ್ಸಾರು, ಸೊಪ್ಪಿನ ಪಲ್ಯ ಮಾಡಿದ್ದಳು. ಅವನನ್ನೂ ಊಟಕ್ಕೆ ಕರೆದೆ. ಅವನಿಗೆ ಚಮಚ ಬೇಕಾದೀತು ಎಂದು ನಾನು ಹುಡುಕುತ್ತಿದ್ದರೆ, ಅವನಾಗಲೇ ಬಲಗೈಯಲ್ಲಿ ಮುದ್ದೆ ಮುರಿದು, ಉಂಡೆ ಕಟ್ಟಿ, ಹೆಬ್ಬೆರಳಿನಿಂದ ಒಂದು ಗುಳಿ ಮಾಡಿ, ಅದಕ್ಕೆ ಪಲ್ಯ ತುಂಬಿ ಬಾಯಿಗಿಟ್ಟಿದ್ದ. ‘ಇವ್ನಿಗೆ ಯಾರ್ಲಾ ಮಗ ಕಲಿಸ್ಕೊಟ್ಟೋರು?’ ಎಂದು ಅವ್ವ ಕಣ್ಣರಳಿಸಿದಳು. ನುಂಗುವುದು ಬಿಟ್ಟು ಅಗಿಯುತ್ತಿದ್ದ ಎಂಬುದೊಂದೇ ಅವಳ ದೂರು.

ಅವನಿಗೆ ಯಾರೂ ಕಲಿಸಿರಲಿಲ್ಲ. ಅವನ ಊರಿನ ದಿನದೂಟವೇ ಅದು, ಹೆಸರು ಉಗಾಲಿ. ಕುದಿಯುವ ನೀರಿಗೆ ಹಿಟ್ಟು ಸುರಿದು, ಮರದ ಕೋಲಿನಿಂದ ಗಟ್ಟಿಯಾಗುವವರೆಗೆ ತಿರುವುತ್ತಾರೆ. ಕೀನ್ಯಾದಲ್ಲಿ ಇದರ ಜೊತೆಗಿನ ಸೊಪ್ಪಿನ ಪಲ್ಯಕ್ಕೆ ‘ಸುಕುಮಾ ವಿಕಿ’ ಎನ್ನುತ್ತಾರೆ. ಸ್ವಾಹಿಲಿಯಲ್ಲಿ ಹಾಗೆಂದರೆ ‘ವಾರ ತಳ್ಳು’. ಕೈಯಲ್ಲಿ ಕಾಸಿಲ್ಲದಾಗ ವಾರ ನೂಕಲು ನೆರವಾಗುವ ಅಗ್ಗದ ಸೊಪ್ಪು. ತಿಂಗಳ ಕೊನೆಯಲ್ಲಿ ಚಿತ್ರಾನ್ನದ ಮೇಲೆ ಬದುಕುವ ನಮಗೆ ಈ ಹೆಸರನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಇಂದು ಉಗಾಲಿಯನ್ನು ಹೆಚ್ಚಾಗಿ ಮೆಕ್ಕೆಜೋಳದ ಹಿಟ್ಟಿನಲ್ಲಿ ಮಾಡುತ್ತಾರೆ. ಮೆಕ್ಕೆಜೋಳ ಅಮೆರಿಕ ಖಂಡದ ಬೆಳೆ. ಅದು ಬರುವ ಮೊದಲು ಅಲ್ಲಿನವರ ಹೊಟ್ಟೆ ತುಂಬಿಸಿದ ಧಾನ್ಯಗಳಲ್ಲಿ ಬಿಳಿಜೋಳ ಮತ್ತು ರಾಗಿ ಮುಖ್ಯವಾದವು. ಹೌದು, ನಮ್ಮ ರಾಗಿಯೇ. ಅದರ ತವರು ಇಥಿಯೋಪಿಯಾ, ಉಗಾಂಡಾ ಕಡೆಯ ಎತ್ತರದ ನೆಲ. ಸಾವಿರಾರು ವರ್ಷಗಳ ಹಿಂದೆ ಅದು ಅಲ್ಲಿಂದ ಇಲ್ಲಿಗೆ ಬಂತು. ಕೀನ್ಯಾದವರು ಅದನ್ನು ‘ವಿಂಬಿ’ ಎಂದರೆ ತಾಂಜಾನಿಯಾದವರು ‘ಉಲೆಜಿ’ ಎನ್ನುತ್ತಾರೆ. ಅವರು ಬೆಳಿಗ್ಗೆ ಕುಡಿಯುವ ‘ಉಜಿ’ ನಮ್ಮ ರಾಗಿ ಗಂಜಿಯ ಒಡಹುಟ್ಟು.

ಕಾಫಿಯ ಕಥೆಯೂ ಅಷ್ಟೇ. ಬಾಬಾ ಬುಡನ್ ಯೆಮನ್‌ನಿಂದ ಏಳು ಬೀಜ ತಂದರೆಂಬ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಆದರೆ ಯೆಮನ್‌ಗೆ ಕಾಫಿ ಬಂದದ್ದು ಕೆಂಪು ಸಮುದ್ರದ ಆಚೆಯ ಇಥಿಯೋಪಿಯಾದಿಂದ. ಅಲ್ಲಿ ಇಂದಿಗೂ ನೆಂಟರು ಬಂದರೆ ಅವರೆದುರೇ ಹಸಿ ಬೀಜ ಹುರಿದು, ಘಮ ತೋರಿಸಿ, ಕುಟ್ಟಿ, ‘ಜೆಬೆನಾ’ ಎಂಬ ಮಣ್ಣಿನ ಹೂಜಿಯಲ್ಲಿ ಕುದಿಸಿ ಮೂರು ಸುತ್ತು ಬಡಿಸುತ್ತಾರೆ. ಮೂರನೆಯ ಸುತ್ತಿನ ಹೆಸರು ‘ಬರಕಾ’, ಅಂದರೆ ಆಶೀರ್ವಾದ. ಅದನ್ನು ಕುಡಿಯದೆ ಎದ್ದರೆ ಮನೆಯವರಿಗೆ ಬೇಸರ.

ನಮ್ಮಿಂದ ಅಲ್ಲಿಗೆ ಹೋದದ್ದೂ ಉಂಟು. 1896ರಲ್ಲಿ ಬ್ರಿಟಿಷರು ಮೊಂಬಾಸಾದಿಂದ ರೈಲು ಹಳಿ ಹಾಕಲು ಶುರು ಮಾಡಿದಾಗ 30 ಸಾವಿರಕ್ಕೂ ಹೆಚ್ಚು ಭಾರತೀಯರನ್ನು ಕರಾರಿನ ಮೇಲೆ ಕರೆದೊಯ್ದರು. ಹೆಚ್ಚಿನವರು ಪಂಜಾಬಿನ ಕಡೆಯವರು, ಕೆಲಸ ಹುಡುಕಿ ಹಡಗು ಹತ್ತಿದ ನಮ್ಮ ವಯಸ್ಸಿನ ಹುಡುಗರೇ ಬಹಳ. 1901ರಲ್ಲಿ ಹಳಿ ವಿಕ್ಟೋರಿಯಾ ಸರೋವರ ಮುಟ್ಟುವ ಹೊತ್ತಿಗೆ ಸುಮಾರು 2,500 ಮಂದಿ ಸತ್ತಿದ್ದರು. ಕೆಲವರು ಅಲ್ಲೇ ಉಳಿದರು, ಗುಜರಾತಿನ ವ್ಯಾಪಾರಿಗಳು ಅಂಗಡಿ ಇಟ್ಟರು. ಇಂದು ಸ್ವಾಹಿಲಿಯಲ್ಲಿ ಚಪಾತಿ ಚಪಾತಿಯೇ, ಚಹಾ ‘ಚಾಯ್’. ಕೀನ್ಯಾದ ಎಷ್ಟೋ ಮನೆಗಳಲ್ಲಿ ಕ್ರಿಸ್‌ಮಸ್ ಅಡುಗೆಗೆ ಚಪಾತಿ ಬೇಕೇ ಬೇಕು. ಉಗಾಂಡಾದ ಬೀದಿಗಳಲ್ಲಿ ಚಪಾತಿಯೊಳಗೆ ಮೊಟ್ಟೆ ಸುತ್ತಿ ಕೊಡುವ ತಿಂಡಿಗೆ ‘ರೋಲೆಕ್ಸ್’ ಎಂದು ಹೆಸರು. ‘ರೋಲ್ಡ್ ಎಗ್ಸ್’ ಎಂಬುದು ಬಾಯಿಂದ ಬಾಯಿಗೆ ಹಾಗಾಯಿತಂತೆ. ಅಲ್ಲಿನ ಕಾಲೇಜು ಹುಡುಗರಿಗೆ ಅದು ನಮ್ಮ ಎಗ್ ರೈಸ್ ಇದ್ದಂತೆ.

‘ಊಟ ಮನಸ್ಸುಗಳನ್ನು ಬೆಸೆಯುತ್ತದೆ’ ಎಂದು ಇಲ್ಲಿಗೇ ಮುಗಿಸಿಬಿಡಬಹುದಿತ್ತು. ಆದರೆ ಅದು ಪೂರ್ತಿ ನಿಜವಲ್ಲ. ಇದೇ ಉಗಾಂಡಾದಲ್ಲಿ 1972ರಲ್ಲಿ ಇದಿ ಅಮೀನ್ ಭಾರತೀಯ ಮೂಲದವರಿಗೆ ದೇಶ ಬಿಡಲು 90 ದಿನಗಳ ಗಡುವು ಕೊಟ್ಟ. ಚಪಾತಿ ಉಳಿಯಿತು, ಅದನ್ನು ಒಯ್ದವರು ಹೊರಟರು. ತಿಂಡಿಯನ್ನು ಒಪ್ಪಿಕೊಳ್ಳುವುದು ಸುಲಭ, ಮನುಷ್ಯರನ್ನು ಒಪ್ಪಿಕೊಳ್ಳುವುದು ಕಷ್ಟ.

ನಾವೇನು ಕಡಿಮೆ? ಆ ಭಾನುವಾರ ಕಳೆದು ಎರಡು ತಿಂಗಳಾಗಿರಬೇಕು. ಮನೆ ಮಾಲೀಕರು ನನ್ನ ಗೆಳೆಯನಿಗೆ ರೂಮು ಖಾಲಿ ಮಾಡಲು ಹೇಳಿದರು. ‘ಅವರ ಅಡುಗೆ ವಾಸನೆ ತಡೆಯೋಕಾಗಲ್ಲ’ ಎಂಬುದು ಅವರು ಕೊಟ್ಟ ಕಾರಣ. ಅವನು ಬೇಯಿಸುತ್ತಿದ್ದದ್ದು ಹಿಟ್ಟು, ಈರುಳ್ಳಿ ಟೊಮೆಟೊ ಹಾಕಿದ ಸೊಪ್ಪು, ಯಾವಾಗಲಾದರೊಮ್ಮೆ ಒಣಮೀನು. ನಮ್ಮ ಕರಾವಳಿಯ ಎಷ್ಟೋ ಅಡುಗೆಮನೆಗಳಲ್ಲಿ ಇರುವುದೂ ಅದೇ ವಾಸನೆ. ಬಾಡಿಗೆಯನ್ನು ಅವನು ಒಂದು ದಿನವೂ ತಡಮಾಡಿದವನಲ್ಲ. ನನಗೆ ಇದೆಲ್ಲ ಗೊತ್ತಿತ್ತು. ಆದರೂ ‘ಅಂಕಲ್, ಇದು ಸರಿಯಲ್ಲ’ ಎಂಬ ಒಂದು ಮಾತು ನನ್ನ ಬಾಯಿಂದ ಬರಲಿಲ್ಲ. ನನ್ನ ರೂಮೂ ಹೋದೀತೆಂಬ ಭಯ. ಅವನ ಸೂಟ್‌ಕೇಸನ್ನು ಆಟೋಗೆ ಇಡಲು ಕೈಜೋಡಿಸಿದೆ, ಅಷ್ಟೇ. ಹೊರಡುವಾಗ ಅವನು, ‘ನಿಮ್ಮ ತಾಯಿಗೆ ನಮಸ್ಕಾರ ಹೇಳು’ ಎಂದ.

2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ವಿಶ್ವಸಂಸ್ಥೆ ಘೋಷಿಸಿದಾಗ ನಮ್ಮ ಕಾಲೇಜಿನಲ್ಲೂ ‘ನಮ್ಮ ರಾಗಿ, ನಮ್ಮ ಹೆಮ್ಮೆ’ ಎಂದು ಭಾಷಣ ಮಾಡಿದೆವು. ಹೆಮ್ಮೆ ಇರಲಿ. ಆದರೆ ರಾಗಿಯನ್ನು ನಮ್ಮದಾಗಿಸಿಕೊಂಡು, ಅದರ ತವರಿನ ಕಡೆಯಿಂದ ಓದಲು ಬಂದವನನ್ನು ಹೊರಗಿನವನೆಂದು ನೋಡುವುದು ಯಾವ ನ್ಯಾಯ?

ನಮ್ಮ ಕ್ಲಾಸಿನಲ್ಲಿ ಅಂಥವರೊಬ್ಬರಿದ್ದರೆ ಊಟಕ್ಕೆ ಕರೆಯೋಣ, ಅವರ ಅಡುಗೆಯನ್ನೂ ಕೇಳಿ ತಿನ್ನೋಣ. ಅಷ್ಟಕ್ಕೇ ನಿಲ್ಲುವುದು ಬೇಡ. ಅವರಿಗೆ ಮನೆ ಇಲ್ಲವೆಂದಾಗ ಪಕ್ಕದಲ್ಲಿ ನಿಂತು ಒಂದು ಮಾತು ಆಡೋಣ. ‘ಆ ಹುಡುಗ ಎಲ್ಲವ್ನೆ?’ ಎಂದು ಅವ್ವ ಈಗಲೂ ಕೇಳುತ್ತಾಳೆ. ರೂಮು ಖಾಲಿ ಮಾಡಿದ ಕಾರಣವನ್ನು ನಾನಿನ್ನೂ ಅವಳಿಗೆ ಹೇಳಿಲ್ಲ.