ಹೆಸರು ಬದಲಿಸಿದರೆ ವಸಾಹತು ಮಾಯವೇ?

ಗೋವಾ ಎಂದರೆ ನಮಗೆ ನೆನಪಾಗುವುದು 1961ರ ಸೇನಾ ಕಾರ್ಯಾಚರಣೆ. ಅದಕ್ಕೂ ಮೊದಲಿನ ಕಾಗದದ ಜಗಳವನ್ನೂ ನಾವು ಓದಬೇಕು.

ಸ್ವಂತ ಆಡಳಿತವಿಲ್ಲದ ಪ್ರದೇಶಗಳನ್ನು ಆಳುವ ದೇಶ ಅಲ್ಲಿನ ಆರ್ಥಿಕ, ಸಾಮಾಜಿಕ, ಶೈಕ್ಷಣಿಕ ಸ್ಥಿತಿಯ ಮಾಹಿತಿಯನ್ನು ವಿಶ್ವಸಂಸ್ಥೆಗೆ ಕಳುಹಿಸಬೇಕು ಎನ್ನುತ್ತದೆ ಅದರ ಸನ್ನದಿನ 73ನೇ ವಿಧಿ. 1955ರಲ್ಲಿ ಸದಸ್ಯನಾದ ಪೋರ್ಚುಗಲ್, ತನ್ನಲ್ಲಿ ಅಂಥ ಪ್ರದೇಶವೇ ಇಲ್ಲ ಎಂದುಬಿಟ್ಟಿತು! 1951ರಲ್ಲೇ ಸಂವಿಧಾನ ತಿದ್ದಿ ವಸಾಹತುಗಳಿಗೆ ‘ಸಾಗರದಾಚೆಯ ಪ್ರಾಂತ್ಯ’ ಎಂದು ಹೆಸರಿಟ್ಟಾಗಿತ್ತು. ನಮ್ಮ ಕಾರವಾರದ ಪಕ್ಕದ ಗೋವಾ ಹೀಗೆ ಪೋರ್ಚುಗಲ್ಲಿನ ಪ್ರಾಂತ್ಯ!

1960ರ ಡಿಸೆಂಬರ್ 15ರಂದು ಸಾಮಾನ್ಯ ಸಭೆ ಗೋವಾವನ್ನು ಹೆಸರಿಸಿಯೇ ಮಾಹಿತಿ ಕೊಡಬೇಕೆಂದಿತು. ಸಲಜಾರ್ ಸರ್ಕಾರ ಕೊಡಲಿಲ್ಲ. ಸಭೆಗೆ ಕೇಳುವ ಹಕ್ಕಿತ್ತು, ಕೊಡಿಸುವ ಬಲವಿರಲಿಲ್ಲ. ಆದರೂ ನಿರ್ಣಯ ವ್ಯರ್ಥವಾಯಿತೆಂದು ನಾನು ಒಪ್ಪುವುದಿಲ್ಲ. ಗೋವಾ ತನ್ನ ಮನೆಯ ವಿಷಯ ಎಂಬ ಪೋರ್ಚುಗಲ್ ವಾದ ಅಂದೇ ಬಲ ಕಳೆದುಕೊಂಡಿತು. ಮರುವರ್ಷ ಗೋವಾ ಸ್ವತಂತ್ರವಾಯಿತು. ಪೋರ್ಚುಗಲ್ ಅದನ್ನು ಒಪ್ಪಿದ್ದು 1974ರಲ್ಲಿ.