ಚಳಿಗ್ ಸತ್ತದ್ದಲ್ಲ, ಮಳಿಗ್ ಸತ್ತದ್ದ್

ಡಿಸೆಂಬರ್ ಕೊನೇ ವಾರ ಊರಿಗೆ ಹೋದಾಗ ಅಮ್ಮ ಕಾಫಿಗಿಂತ ಮೊದಲು ತೋರಿಸಿದ್ದು ಅಂಗಳದ ಮಲ್ಲಿಗೆ ಗಿಡ. ಐದು ವರ್ಷದ ಹಿಂದೆ ಶಂಕರಪುರದ ಕಡೆಯಿಂದ ತಂದು ನೆಟ್ಟದ್ದು. ದೇವರಿಗೆ, ಅಮ್ಮನ ಜಡೆಗೆ ಆಗಿ ಪಕ್ಕದ ಮನೆಗೂ ಕೊಡುವಷ್ಟು ಹೂ ಬಿಡುತ್ತಿತ್ತು. ಈಗ ಎಲೆಯೆಲ್ಲ ಕಂದಾಗಿ, ಉದುರದೆ ಕಡ್ಡಿಗೇ ಅಂಟಿಕೊಂಡಿತ್ತು. "ಈ ವರ್ಷ ಚಳಿ ಜೋರ್ ಕಾಣ್, ಅದಕ್ಕೇ ಸತ್ತ್ ಹೋಯ್ತ್" ಅಂದರು ಅಮ್ಮ.

ನನಗೆ ನಂಬಿಕೆ ಬರಲಿಲ್ಲ. ನಮ್ಮ ಮನೆ ಹೆಮ್ಮಾಡಿ ಹತ್ತಿರ. ಇಲ್ಲಿ ಚಳಿ ಅಂದ್ರೆ ಬೆಳಗಿನ ಜಾವ ಫ್ಯಾನ್ ಒಂದು ಪಾಯಿಂಟ್ ಕಮ್ಮಿ ಮಾಡೋದು, ಅಷ್ಟೇ. ಕುಂದಾಪುರ, ಬೈಂದೂರು, ಬ್ರಹ್ಮಾವರ ಎಲ್ಲಿ ನೋಡಿದರೂ ರಾತ್ರಿಯ ಉಷ್ಣಾಂಶ ಸಾಮಾನ್ಯವಾಗಿ 20 ಡಿಗ್ರಿ ಆಚೀಚೆ. ಬೆಂಗಳೂರಿನ ಸಾರ್ವಕಾಲಿಕ ದಾಖಲೆಯೇ 1884ರ ಜನವರಿಯ 7.8 ಡಿಗ್ರಿ. ಅಮೆರಿಕದಲ್ಲಿರುವ ಅಕ್ಕನ ಮಲ್ಲಿಗೆ ಕುಂಡ ಒಂದು ರಾತ್ರಿ ಹೊರಗೆ ಉಳಿದು ಸತ್ತಿತ್ತು. ಅದು ನಿಜವಾದ ಚಳಿ, ಜೀವಕೋಶದ ನೀರೇ ಹೆಪ್ಪುಗಟ್ಟುವಂಥದ್ದು. ನಮ್ಮಲ್ಲಿ ಚಳಿಗಾಲ ಹೂವಿನ ಕಾಲ. ರಾತ್ರಿ ಉದ್ದವಾದರೇ ಸೇವಂತಿಗೆ ಮೊಗ್ಗು ಕಟ್ಟೋದು. ಹೆಮ್ಮಾಡಿ ಸೇವಂತಿಗೆ ಮಕರ ಸಂಕ್ರಾಂತಿಯ ಮಾರಣಕಟ್ಟೆ ಜಾತ್ರೆಗೆ ಸರಿಯಾಗಿ ಗದ್ದೆ ತುಂಬ ಅರಳಿರುತ್ತದೆ. ಮಲ್ಲಿಗೆಗೆ ಈಗ ಹೂ ಕಮ್ಮಿ, ಪೇಟೆಯಲ್ಲಿ ರೇಟು ಜಾಸ್ತಿ, ಒಪ್ಪಿದೆ. ಆದರೆ ಗಿಡ ಸಾಯುವಂಥ ಚಳಿ ಇಲ್ಲಿಲ್ಲ.

ಪಕ್ಕದ ಮನೆ ಅಜ್ಜ ಅಡಿಕೆ ಬೆಳೆದವರು. ಬಂದು ಒಂದು ಸಲ ನೋಡಿದರು. "ಇದ್ ಚಳಿಗ್ ಸತ್ತದ್ದಲ್ಲ ಮಗಾ, ಮಳಿಗ್ ಸತ್ತದ್ದ್. ಕಿತ್ತ್ ಕಾಣ್" ಅಂದರು. ಎಳೆದೆ. ಐದು ವರ್ಷದ ಗಿಡ ಮೂಲಂಗಿ ಥರ ಸಲೀಸಾಗಿ ಬಂತು. ಬೇರು ಕಪ್ಪಾಗಿತ್ತು, ಚರಂಡಿ ವಾಸನೆ. ಬೆರಳಲ್ಲಿ ಹಿಡಿದು ಜಗ್ಗಿದರೆ ಸಿಪ್ಪೆ ಕಳಚಿ ಒಳಗಿನ ದಾರದಂಥ ಎಳೆ ಮಾತ್ರ ಉಳಿಯಿತು.

ಕಳ್ಳ ಯಾರು ಅಂತ ಆಗ ಗೊತ್ತಾಯ್ತು. ನಾನೇ.

ಮೇ ತಿಂಗಳಲ್ಲಿ ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸುವಾಗ ಗಿಡ ಅಡ್ಡ ಬಂತು. ಕಿತ್ತು ಮೂಲೆಯಲ್ಲಿ ನೆಡಿಸಿದೆ. ಅಲ್ಲಿ ಒಂದಡಿ ಮಣ್ಣಿನ ಕೆಳಗೆ ಬರೀ ಮುರಕಲ್ಲು. ಪಿಕಾಸಿಯಿಂದ ಚೌಕಾಕಾರದ ಗುಂಡಿ ಕೊರೆದು ಒಳ್ಳೇ ಗೊಬ್ಬರ ತುಂಬಿದೆವು, ಹೆಮ್ಮೆಯಿಂದ ಫೋಟೋನೂ ತೆಗೆದೆ. ನಿಜಕ್ಕೂ ನಾವು ಮಾಡಿದ್ದು ಕಲ್ಲಿನ ಬಕೆಟ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಜಿಲ್ಲೆಯಲ್ಲಿ ಸುರಿಯುವುದು ಮೂರು ಮೀಟರ್‌ಗಿಂತ ಜಾಸ್ತಿ ಮಳೆ. ಸಾಲದ್ದಕ್ಕೆ ಇಂಟರ್‌ಲಾಕ್ ಮೇಲಿನ ನೀರೂ ಇಳಿಜಾರು ಹುಡುಕಿಕೊಂಡು ಅದೇ ಮೂಲೆಗೆ.

ಬೇರಿಗೂ ಉಸಿರು ಬೇಕು. ಮಣ್ಣಿನ ಸಂದುಗಳಲ್ಲಿ ಗಾಳಿ ಇದ್ದರೆ ಆಮ್ಲಜನಕ ಸಿಗುತ್ತದೆ. ನೀರು ತುಂಬಿದರೆ ಅದೇ ಆಮ್ಲಜನಕ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಉಸಿರುಗಟ್ಟಿದ ಬೇರಿಗೆ ಕೊಳೆ ಹತ್ತಿಕೊಳ್ಳುತ್ತದೆ. ಅಡಿಕೆಯ ಕೊಳೆರೋಗಕ್ಕೆ ಕಾರಣವಾದ ಫೈಟೋಫ್ತೊರಾ ಗುಂಪಿನ ಸೂಕ್ಷ್ಮಜೀವಿಗಳು ಬೇರು ಕೊಳೆಸುವುದರಲ್ಲೂ ಎತ್ತಿದ ಕೈ. ಅಜ್ಜನಿಗೆ ನೋಡಿದ ತಕ್ಷಣ ಗೊತ್ತಾಗಿದ್ದರಲ್ಲಿ ಆಶ್ಚರ್ಯವಿಲ್ಲ.

ಹಾಗಾದರೆ ಜುಲೈಯಲ್ಲೇ ಯಾಕೆ ಸಾಯಲಿಲ್ಲ? ನನ್ನನ್ನು ಕಾಡಿದ್ದು ಇದೇ. ಮಳೆಗಾಲದಲ್ಲಿ ಮೋಡ, ತೇವದ ಗಾಳಿ; ಎಲೆಯಿಂದ ನೀರು ಆವಿಯಾಗೋದೇ ಕಮ್ಮಿ. ಅರ್ಧ ಬೇರು ಸತ್ತರೂ ಗಿಡ ಹಸಿರಾಗಿ ನಿಂತಿರುತ್ತದೆ. ಮಳೆ ನಿಂತು, ಬಿಸಿಲು ಚುರುಕಾಗಿ, ಘಟ್ಟದ ಕಡೆಯಿಂದ ಒಣಗಾಳಿ ಬೀಸಿದಾಗ ಎಲೆ ನೀರು ಕೇಳುತ್ತದೆ. ಕೊಡಲು ಕೆಳಗೆ ಬೇರೇ ಇಲ್ಲ. ನಮ್ಮ ಆಫೀಸಲ್ಲೂ ಹೀಗೇ: ಮೇ ತಿಂಗಳಲ್ಲಿ ಹಾಕಿದ ಕೋಡು, ಲೋಡ್ ಏರಿದ ದಿನ, ಡಿಸೆಂಬರ್‌ನಲ್ಲಿ, ಕ್ರ್ಯಾಶ್. ಬೈಸಿಕೊಳ್ಳೋದು ಡಿಸೆಂಬರ್‌ನಲ್ಲಿ ಡ್ಯೂಟಿಲಿದ್ದವನು.

ಇನ್ನೊಂದು ದುರಂತ ಅಂದ್ರೆ, ಎಲೆ ಬಾಡಿದ್ದು ಕಂಡು ಅಮ್ಮ ದಿನಾ ಎರಡು ಬಿಂದಿಗೆ ನೀರು ಹೊಯ್ದಿದ್ದರು. ಬಾಯಾರಿದ ಗಿಡವೂ ಬೇರು ಕೊಳೆತ ಗಿಡವೂ ಮೇಲಿಂದ ಒಂದೇ ಥರ ಕಾಣುತ್ತವೆ. ಬೆರಳಿನ ಎರಡು ಗೆಣ್ಣು ಮಣ್ಣಿಗಿಳಿಸಿ ನೋಡಿದ್ದರೆ ಒದ್ದೆ ಗೊತ್ತಾಗುತ್ತಿತ್ತು. ಅಮ್ಮನಿಗೆ ಇದನ್ನು ಹೇಳುವ ಧೈರ್ಯ ನನಗಿನ್ನೂ ಬಂದಿಲ್ಲ. ಗುಂಡಿ ತೋಡಿದವನು ನಾನು, ಅವರಿಗ್ಯಾಕೆ ಪಾಠ.

ಖಾಲಿ ಗುಂಡಿಗೆ ಸಂಜೆ ನಾಲ್ಕು ಕೊಡ ನೀರು ತುಂಬಿಸಿ ಮಲಗಿದೆ. ಬೆಳಗ್ಗೆ ನೋಡಿದರೆ ಅರ್ಧಕ್ಕರ್ಧ ಹಾಗೇ ಇತ್ತು. ನೆಡುವ ಮೊದಲೇ ಈ ಪರೀಕ್ಷೆ ಮಾಡಿದ್ದರೆ ಒಂದು ರಾತ್ರಿ ಖರ್ಚು, ಅಷ್ಟೇ.

ಗಿಡದ ಕಡ್ಡಿಗಳನ್ನು ಒಂದೊಂದಾಗಿ ಉಗುರಿನಿಂದ ಕೆರೆದೆ. ಹೆಚ್ಚಿನವು ಕಂದು, ಒಣಕಲು. ತುದಿಯ ಎರಡರಲ್ಲಿ ಸಿಪ್ಪೆಯಡಿ ಹಸಿರಿತ್ತು. ಅವನ್ನು ಕತ್ತರಿಸಿ, ತಳಕ್ಕೆ ತೂತಿರುವ ಕುಂಡದಲ್ಲಿ ಮರಳು ಬೆರೆಸಿದ ಮಣ್ಣಿಗೆ ಊರಿ ನೆರಳಲ್ಲಿಟ್ಟು ಬಂದೆ. ಬಾವಿಕಟ್ಟೆ ಪಕ್ಕ ಮೊಣಕಾಲೆತ್ತರ ಮಣ್ಣು ಏರಿಸಿ ದಿಬ್ಬವೂ ಆಗಿದೆ. ಮೊನ್ನೆ ಅಮ್ಮ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದರು: ಒಂದು ಕಡ್ಡಿ ಒಣಗಿದೆ, ಇನ್ನೊಂದರಲ್ಲಿ ಅಕ್ಕಿಕಾಳಿನಷ್ಟು ಚಿಗುರು. ಕೆಳಗೆ ಒಂದು ಪ್ರಶ್ನೆ, "ನೀರ್ ಹಾಕ್ಲಾ ಬೇಡ್ವಾ?"